ಉಣ್ಣುವವರಿಗೂ ಒಂದು ಸಂಘ ಬೇಕು

ಟೊಮೆಟೊ ಬೆಲೆ ಏರಿದರೆ ಬ್ರೇಕಿಂಗ್ ನ್ಯೂಸ್. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಮನೆಮನೆಯಲ್ಲೂ ಅದೇ ಮಾತು. ಬೆಲೆ ನೆಲಕಚ್ಚಿದಾಗ? ಬೆಳೆದವನು ರಸ್ತೆಗೆ ಸುರಿದು ಹೋಗ್ತಾನೆ, ಕೇಳೋರಿಲ್ಲ.

ನೋಡಿ, ಕರ್ನಾಟಕದಲ್ಲಿ ರೈತರ ದನಿಗೆ ಬರವಿಲ್ಲ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರಂಥ ನಾಯಕರು, ಆ ಹಸಿರು ಶಾಲು ಎಲ್ಲರಿಗೂ ಗೊತ್ತು. ಇಲ್ಲದಿರೋದು ರೈತನ ಪಕ್ಕ ನಿಲ್ಲುವ, ಉಣ್ಣುವವರ ಸಂಘ.

ಅದನ್ನು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲೇ ಶುರು ಮಾಡಬಹುದು. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ದುಡಿಮೆ ಕಳಕೊಳ್ಳೋದು ಏನೆಂದು ಕಂಡ ಸೀಮೆ ಇದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸಾಕು. ಏಳೂ ಜನ ರೈತರೇ ಆಗಬೇಕಿಲ್ಲ. ಇಬ್ಬರು ರೈತರು, ಮನೆ ನಡೆಸುವ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮೇಷ್ಟ್ರು, ಒಬ್ಬ ಹೋಟೆಲ್‌ನವರು, ದಿನಾ ಬೆಂಗಳೂರಿಗೆ ರೈಲು ಹತ್ತುವ ಒಬ್ಬರು.

ಸಂಘ ವ್ಯಾಪಾರ ಮಾಡೋದು ಬೇಡ. ಎರಡು ಕೆಲಸ ಮಾಡಲಿ. ಒಂದು, ಸುತ್ತಲ ಸಣ್ಣ ರೈತರಿಗೆ ಒಂದು ಬೆಳೆಗೆ ಬೀಳುವ ಖರ್ಚನ್ನು ಸಂತೆಯಲ್ಲಿ ಬೋರ್ಡ್ ಮೇಲೆ ಬರೆಯಲಿ. ಎರಡು, ವಾರಕ್ಕಿಷ್ಟು ತರಕಾರಿಯನ್ನು ಮೊದಲೇ ಒಪ್ಪಿದ ರೇಟಿಗೆ ಕೊಳ್ಳುವ ಮನೆಗಳನ್ನು ರೈತರ ಜತೆ ಕೂಡಿಸಲಿ.

ಬೆಂಬಲ ಅಂದ್ರೆ ಭಾಷಣವಲ್ಲ. ಬೆಲೆ ಬಿದ್ದ ವಾರವೂ ಒಪ್ಪಿದ ದುಡ್ಡು ಕೊಟ್ಟು ಕೈಚೀಲ ತುಂಬಿಸಿಕೊಳ್ಳೋದು.