ಹಿಡಿಯಲೂ ಬೇಕು, ಬಿಡಲೂ ಬೇಕು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ ಬಾಯಲ್ಲಿ ತಂತಿಯನ್ನು ಹಿಡಿದಿರುವುದು ಪುಟ್ಟ ಬ್ರಾಕೆಟ್‌ಗಳು; ಬ್ರಾಕೆಟ್‌ಗಳನ್ನು ಹಿಡಿದಿರುವುದು ತೆಳ್ಳನೆಯ ಅಂಟು. ಒಂದೂವರೆ, ಎರಡು ವರ್ಷ ಜೊಲ್ಲು, ಬಿಸಿ ಕಾಫಿ, ಚಕ್ಕುಲಿ ಎಲ್ಲವನ್ನೂ ಅದು ತಾಳಬೇಕು. ಚಿಕಿತ್ಸೆ ಮುಗಿದ ದಿನ ಹಲ್ಲಿನ ಹೊರಪದರವಾದ ಎನಾಮಲ್‌ಗೆ ಗಾಯವಾಗದಂತೆ ಬಿಟ್ಟುಕೊಡಲೂಬೇಕು. ಒಮ್ಮೆ ಕಿತ್ತ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಅತಿ ಗಟ್ಟಿಯಾಗಿ ಹಿಡಿಯುವ ಅಂಟೇ ಒಳ್ಳೆಯದು ಎನ್ನುವಂತಿಲ್ಲ.

ಹಿಂದೆ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತುತ್ತಿದ್ದರು. ದಾರಿ ಬದಲಿಸಿದ್ದು ಅಮೆರಿಕದ ಮೈಕೆಲ್ ಬ್ಯೂನೊಕೋರ್. ಫಾಸ್ಫಾರಿಕ್ ಆಮ್ಲ ಸವರಿದ ಎನಾಮಲ್‌ಗೆ ರೆಸಿನ್ ಎಂಬ ಅಂಟು ಚೆನ್ನಾಗಿ ಕಚ್ಚಿಕೊಳ್ಳುತ್ತದೆಂದು ಅವರು 1955ರಲ್ಲಿ ತೋರಿಸಿದರು. ಇಂದು ಸಾಮಾನ್ಯವಾಗಿ ಶೇ. 37ರ ಆಮ್ಲದ ಜೆಲ್ಲನ್ನು 15ರಿಂದ 30 ಸೆಕೆಂಡ್ ಹಚ್ಚಿ ತೊಳೆಯುತ್ತಾರೆ. ಒಣಗಿಸಿದಾಗ ಹೊಳೆಯುತ್ತಿದ್ದ ಹಲ್ಲು ಸೀಮೆಸುಣ್ಣದಂತೆ ಮಂಕು ಬಿಳುಪಾಗುತ್ತದೆ. ಅಲ್ಲಿ ಮೂಡಿದ ಕಣ್ಣಿಗೆ ಕಾಣದ ರಂಧ್ರಗಳಿಗೆ ರೆಸಿನ್ ಇಳಿಯುತ್ತದೆ, ನೀಲಿ ಬೆಳಕು ಬಿದ್ದೊಡನೆ ಗಟ್ಟಿಯಾಗಿ ಬೇರೂರುತ್ತದೆ. ಆದರೆ ಆ ಹೊತ್ತಿನಲ್ಲಿ ಜೊಲ್ಲು ತಾಕಿದರೆ ಹಿಡಿತ ಕೆಟ್ಟಿತು.

ಗ್ಲಾಸ್ ಅಯಾನೊಮರ್ ಎಂಬ ಇನ್ನೊಂದು ಅಂಟು ಇಷ್ಟು ನಾಜೂಕಿನದಲ್ಲ. ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಬೆಸೆಯುತ್ತದೆ, ತೇವವನ್ನು ಸಹಿಸುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಹಿಡಿತ ಮಾತ್ರ ಕಡಿಮೆ. ಅದಕ್ಕೇ ರೆಸಿನ್ ಬೆರೆಸಿದ ಬಗೆಯೂ ಬಂದಿದೆ.

ಬ್ರಾಕೆಟ್ ನಿಲ್ಲಲು 6ರಿಂದ 8 ಮೆಗಾಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 60–80 ಕಿಲೊ ಭಾರದಷ್ಟು ಬಲ ಸಾಕೆಂಬ ಲೆಕ್ಕ 1975ರಿಂದ ಬಳಕೆಯಲ್ಲಿದೆ. ಆದರೆ ಕಿತ್ತ ಹಲ್ಲುಗಳ ಮೇಲೆ ಪ್ರಯೋಗಾಲಯದಲ್ಲಿ ಅಳೆದ ಬಲವೊಂದನ್ನೇ ನೋಡಿ ಅಂಟು ಆರಿಸುವುದು ನನಗೆ ಸರಿಕಾಣುವುದಿಲ್ಲ. ಬಾಯಿ ಬೇರೆಯೇ ಲೋಕ. ಪಾವಗಡದಂಥ ಕಡೆ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಕಲೆಗಟ್ಟಿದ ಹಲ್ಲು ಆಮ್ಲಕ್ಕೆ ಸುಲಭವಾಗಿ ಬಗ್ಗದು, ಬ್ರಾಕೆಟ್ ಪದೇಪದೇ ಉದುರಬಹುದು.

ಒಣಗಿಸಿಡಬಹುದಾದ ಮುಂದಿನ ಹಲ್ಲಿಗೆ ರೆಸಿನ್, ತೇವ ತಪ್ಪಿಸಲಾಗದ ಕಡೆ ರೆಸಿನ್ ಬೆರೆತ ಗ್ಲಾಸ್ ಅಯಾನೊಮರ್: ನನ್ನ ತೂಕ ಹೀಗೆ. ಯಾವ ಅಂಟಾದರೂ ಬ್ರಾಕೆಟ್ಟಿನ ಸುತ್ತ ಉಜ್ಜದಿದ್ದರೆ ಬಿಳಿ ಮಚ್ಚೆ ಬೀಳುತ್ತದೆ. ಬ್ರಾಕೆಟ್ ಕಳಚಿದರೆ ಮನೆಯ ಸೂಪರ್ ಗ್ಲೂ ಹಚ್ಚಬೇಡಿ. ಎತ್ತಿಟ್ಟುಕೊಂಡು ವೈದ್ಯರ ಬಳಿಗೆ ಹೋಗಿ.