ಪರದೆ ಬಿದ್ದ ಮೇಲಿನ ನಾಲ್ಕು ಗಂಟೆ

ಸಂಜೆ ಏಳರ ರಸಮಂಜರಿ ಕಾರ್ಯಕ್ರಮಕ್ಕೆ ಬೆಳಗಿನ ಆರಕ್ಕೇ ಲಾರಿ ಬಂದು ನಿಂತಿರುತ್ತದೆ. ಟ್ರಸ್ ಇಳಿಸಿ ಜೋಡಿಸಬೇಕು, ಜನರೇಟರಿನಿಂದ ಕೇಬಲ್ ಎಳೆಯಬೇಕು, ಸ್ಪೀಕರ್ ಎತ್ತಿ ಕಟ್ಟಬೇಕು, ಏಣಿ ಹತ್ತಿ ಒಂದೊಂದೇ ದೀಪದ ಮುಖ ತಿರುಗಿಸಬೇಕು. ಮೂರಕ್ಕೆ ಎಂದಿದ್ದ ಸೌಂಡ್ ಚೆಕ್ ಗಾಯಕರು ಬರುವಷ್ಟರಲ್ಲಿ ಐದಾಗುತ್ತದೆ. ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದು ಎನ್ನುತ್ತವೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು; ಹಬ್ಬ ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಹತ್ತಕ್ಕೆ ಹಾಡು ನಿಂತಿತೆಂದೇ ಇಟ್ಟುಕೊಳ್ಳೋಣ. ಕೇಳಲು ಬಂದವರು ಮನೆಗೆ ಹೊರಡುತ್ತಾರೆ. ಕಟ್ಟಿದವರಿಗೆ ಬಿಚ್ಚುವ ಕೆಲಸ ಆಗ ಶುರು. ಅದು ಮುಗಿದು ಲಾರಿಯ ಹಿಂಬಾಗಿಲು ಮುಚ್ಚುವಾಗ ಎರಡು ಗಂಟೆ. ಬೆಳಿಗ್ಗೆ ಐದಕ್ಕೆ ಎದ್ದ ಹುಡುಗನಿಗೆ ರಾತ್ರಿ ಹತ್ತೆಂದರೆ ಎಚ್ಚರವಿದ್ದು 17 ಗಂಟೆ ತುಂಬಿದ ಹೊತ್ತು. ಈ 17ಕ್ಕೆ ವಿಜ್ಞಾನದಲ್ಲಿ ಒಂದು ಲೆಕ್ಕವಿದೆ. ಆಸ್ಟ್ರೇಲಿಯಾದ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಗುಂಪಿನ ಜನರನ್ನು ಒಮ್ಮೆ ನಿದ್ದೆಗೆಡಿಸಿ, ಇನ್ನೊಮ್ಮೆ ಮದ್ಯ ಕುಡಿಸಿ, ಕಣ್ಣು–ಕೈಗಳ ಹೊಂದಾಣಿಕೆಯನ್ನು ಅಳೆದರು. 17 ಗಂಟೆ ಎಚ್ಚರವಿದ್ದವರ ಕೈ ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಕೈಯಷ್ಟೇ ತಪ್ಪುತ್ತಿತ್ತು. 24 ಗಂಟೆಗೆ ಅದು ಸುಮಾರು ಶೇ. 0.10ಕ್ಕೆ ಸಮನಾಯಿತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಬಿಡುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಸ್ಟಿಯರಿಂಗ್ ಮುಟ್ಟಬಾರದು ಎಂದು ಕಾನೂನು ಹೇಳುವುದಕ್ಕಿಂತಲೂ ಮಂಕಾದ ಸ್ಥಿತಿಯಲ್ಲಿ ಒಬ್ಬಾತ ಇಪ್ಪತ್ತಡಿ ಎತ್ತರದ ಟ್ರಸ್ ಏರಿ ಬೋಲ್ಟ್ ಬಿಚ್ಚುತ್ತಾನೆ. ಅವನು ಒಂದು ತೊಟ್ಟೂ ಕುಡಿದಿರುವುದಿಲ್ಲ.

ರಂಗದ ಹಿಂದೆ ದುಡಿಯುವವರ ಒತ್ತಡದ ಮಾತು ಬಂದಾಗ ಸಾಮಾನ್ಯವಾಗಿ ಸಿಗುವುದು ಬುದ್ಧಿವಾದ: ಪ್ರಾಣಾಯಾಮ ಮಾಡಿ, ನೀರು ಕುಡಿಯಿರಿ, ಹೊರಗಿನ ತಿಂಡಿ ಬಿಡಿ, ಮನಸ್ಸನ್ನು ಹಗುರ ಇಟ್ಟುಕೊಳ್ಳಿ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇವೆಲ್ಲ ದುಡಿಯುವವನೊಬ್ಬನ ಹೆಗಲಿಗೇ ಬೀಳುವ ಇನ್ನೊಂದಿಷ್ಟು ಕೆಲಸ. ಈ ಅಧ್ಯಾಯದ ವಾದ ಬೇರೆ. ಪ್ರದರ್ಶನದ ಕೆಲಸದಲ್ಲಿ ಆರೈಕೆಯ ಪ್ರಶ್ನೆ ಮೊದಲು ವೇಳಾಪಟ್ಟಿಯ ಪ್ರಶ್ನೆ, ಆಮೇಲೆ ಮನಸ್ಸಿನದು. ಕೆಲಸದ ಒತ್ತಡ ಹುಟ್ಟುವ ಬಗೆಯನ್ನು ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ವಿವರಿಸಿದ ರೀತಿ ಇಲ್ಲಿ ನೆರವಿಗೆ ಬರುತ್ತದೆ. ಕೆಲಸ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯ ಕುಗ್ಗುವುದಿಲ್ಲ. ಕೆಲಸ ಹೆಚ್ಚಿದ್ದು, ಅದನ್ನು ಯಾವಾಗ ಹೇಗೆ ಮಾಡಬೇಕೆಂಬ ತೀರ್ಮಾನ ತನ್ನ ಕೈಯಲ್ಲಿಲ್ಲದಾಗ ಕುಗ್ಗುತ್ತಾನೆ ಎನ್ನುವುದು ಅವರ ಸಿದ್ಧಾಂತದ ತಿರುಳು. ಅದೇ ವೇದಿಕೆಯ ಸುತ್ತ ಇದನ್ನು ಹಚ್ಚಿ ನೋಡಿ. ಮುಖ್ಯ ಗಾಯಕರಿಗೂ ಒತ್ತಡವಿದೆ, ಆದರೆ ಯಾವ ಹಾಡು ಮೊದಲು, ಎಷ್ಟು ಹೊತ್ತಿಗೆ ಬರುವುದು, ಎಲ್ಲಿ ಉಳಿಯುವುದು ಎಂಬುದರಲ್ಲಿ ಅವರ ಮಾತು ನಡೆಯುತ್ತದೆ. ಮಾನಿಟರ್ ಸ್ಪೀಕರಿನ ಹಿಂದೆ ಕೂತ ಹುಡುಗನಿಗೆ ಅಂಥ ಯಾವ ತೀರ್ಮಾನವೂ ಇಲ್ಲ. ಮೈಕ್ ಕಿರುಗುಟ್ಟಿದರೆ ಬೈಗುಳ ಮಾತ್ರ ಅವನದು. ಅವನಿಗೆ ದೀರ್ಘ ಉಸಿರಾಟ ಕಲಿಸಿದರೆ ಆ ಗಳಿಗೆ ತುಸು ಸುಲಭವಾದೀತು, ಮಾರನೆಯ ದಿನದ ಪಟ್ಟಿಯಲ್ಲಿ ಅವನ ಹೆಸರಿನ ಮುಂದಿರುವ ಗಂಟೆಗಳು ಮಾತ್ರ ಹಾಗೆಯೇ ಇರುತ್ತವೆ.

‘ನಮಗಿದು ಅಭ್ಯಾಸವಾಗಿದೆ’ ಎಂಬುದು ಈ ವಾದಕ್ಕೆ ಬರುವ ಮೊದಲ ಉತ್ತರ. ಹೇಳುವವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ತೊಂದರೆಯೆಂದರೆ, ನಿದ್ದೆಗೆಟ್ಟ ಮಿದುಳು ತನ್ನನ್ನು ತಾನು ಅಳೆದುಕೊಳ್ಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರ 2003ರ ಅಧ್ಯಯನದಲ್ಲಿ ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ದಿನದಿಂದ ದಿನಕ್ಕೆ ಅಂಕಗಳು ಬೀಳುತ್ತಲೇ ಹೋದವು. ಆದರೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದರೆ ಅವರ ಉತ್ತರ ಕೆಲವೇ ದಿನಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. ಅಭ್ಯಾಸವಾದದ್ದು ದಣಿವಿನ ಅನುಭವ, ದಣಿವಲ್ಲ. ಇದಕ್ಕೆ ಪ್ರದರ್ಶನದ ಕಾವು ಸೇರುತ್ತದೆ. ಸಾವಿರಾರು ಜನರ ಮುಂದೆ ಒಂದು ಸೂಚನೆಯೂ ತಪ್ಪಬಾರದೆಂಬ ತುರ್ತಿನಲ್ಲಿ ಮೈ ಅಡ್ರಿನಲಿನ್ ಸುರಿಸಿ ದಣಿವನ್ನು ಮರೆಸುತ್ತದೆ, ಶೋ ಮುಗಿದ ಮೇಲೂ ತಾಸುಗಟ್ಟಲೆ ಬಿಡುವುದಿಲ್ಲ. ಅದಕ್ಕೇ ಬಿಚ್ಚುವ ಹೊತ್ತಿನಲ್ಲಿ ನಗೆ, ಕೂಗಾಟ, ಹುಮ್ಮಸ್ಸು. ನೋಡಿದವರಿಗೆ ಇವರು ಇನ್ನೂ ನಾಲ್ಕು ತಾಸು ದುಡಿದಾರು ಎನಿಸುತ್ತದೆ. ಆಮೇಲೆ ಹಾಸಿಗೆಗೆ ಬಿದ್ದರೆ ನಿದ್ದೆ ಹತ್ತದು. ಸಂಜೆಯ ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ಅದನ್ನು ತಣಿಸಲೆಂದು ಹಾಕಿದ ಎರಡು ಪೆಗ್ ಬೇಗ ಮಲಗಿಸಿ ಬೆಳಗಿನ ಜಾವದ ನಿದ್ದೆಯನ್ನು ಒಡೆದುಬಿಡುತ್ತದೆ. ಇಲ್ಲಿ ಕುಡಿತವನ್ನು ಚಟವೆಂದು ಬೈಯುವುದು ಸುಲಭ. ಎಷ್ಟೋ ಸಲ ಅದು ಕೆಟ್ಟ ವೇಳಾಪಟ್ಟಿಗೆ ಕಂಡುಕೊಂಡ ಕೆಟ್ಟ ಔಷಧಿ.

ಎರಡನೆಯ ಉತ್ತರ ಕರಾವಳಿಯಿಂದ ಬರುತ್ತದೆ, ಹೆಚ್ಚು ಗಟ್ಟಿಯಾದದ್ದೂ ಅದೇ. ಯಕ್ಷಗಾನದ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಹೆಚ್ಚುಕಡಿಮೆ ಪ್ರತಿರಾತ್ರಿ ಆಟ ಆಡಿವೆ, ಅದೂ ಬೆಳಗಿನವರೆಗೆ, ತಲೆಮಾರುಗಟ್ಟಲೆ. ಅವರಿಗೇನಾಯಿತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳೆಯ ತಿರುಗಾಟದ ಹಗಲು ಹೇಗಿತ್ತು ಎಂಬುದನ್ನೂ ನೋಡಬೇಕು. ಮೇಳ ಊರಿಂದೂರಿಗೆ ನಡೆದುಕೊಂಡು ಹೋಗುತ್ತಿತ್ತು. ಮುಂದಿನ ಆಟದ ಊರು ಸಾಮಾನ್ಯವಾಗಿ ನಡಿಗೆಯ ದೂರದಲ್ಲೇ. ಅಲ್ಲಿ ಆಟ ಆಡಿಸುವವರ ಮನೆಯಲ್ಲೋ ದೇವಸ್ಥಾನದಲ್ಲೋ ಊಟ, ಊಟವಾದ ಮೇಲೆ ಸಂಜೆಯವರೆಗೆ ನಿದ್ದೆ. ಮನೆಗೆ ಹೋಗಿಬರುವ ಮಾತೇ ಇರಲಿಲ್ಲ. ರಾತ್ರಿ ಹಗಲಾಗಿತ್ತು, ಹಗಲು ರಾತ್ರಿಯಾಗಿತ್ತು, ಆರು ತಿಂಗಳ ಮಟ್ಟಿಗೆ ಅದು ಸ್ಥಿರವಾಗಿತ್ತು. ಅದು ಸುಖದ ಬದುಕಾಗಿತ್ತೆಂದು ಹೇಳುತ್ತಿಲ್ಲ; ಹಗಲು ನಿದ್ದೆ ರಾತ್ರಿಯ ನಿದ್ದೆಯಷ್ಟು ಆಳವಾದದ್ದೂ ಅಲ್ಲ. ಆದರೂ ನಿದ್ದೆಗೆಂದು ಒಂದು ಹೊತ್ತು ಇತ್ತು, ಅದನ್ನು ಯಾರೂ ಕೇಳಿ ಪಡೆಯಬೇಕಿರಲಿಲ್ಲ, ವ್ಯವಸ್ಥೆಯೇ ಕೊಡುತ್ತಿತ್ತು. ಈಗ ಧರ್ಮಸ್ಥಳದಂಥ ಮೇಳಗಳೂ ಕಾಲಮಿತಿಗೆ ಬಂದಿವೆ, ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತಾರೆ. ಕಲಾವಿದರ ಆರೋಗ್ಯಕ್ಕೆ ಇದು ಒಳ್ಳೆಯದೆಂದು ಒಂದು ಪಕ್ಷ, ಕಲೆಗೆ ಹಾನಿಯೆಂದು ಇನ್ನೊಂದು ಪಕ್ಷ. ಎರಡೂ ಪಕ್ಷ ಲೆಕ್ಕಕ್ಕೆ ಹಿಡಿಯದ ಸಂಗತಿ ಆಟದ ಆಚೆಗಿದೆ. ವೇಷ ಬಿಚ್ಚಿ, ಬಣ್ಣ ತೆಗೆದು, ಚೌಕಿಯಿಂದ ಹೊರಬೀಳುವಾಗ ಒಂದು ಗಂಟೆ. ಬಳಿಕ ಬೈಕಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್. ಬೆಳಿಗ್ಗೆ ತೋಟವೋ ಅಂಗಡಿಯೋ ಶಾಲೆಯೋ ಕಾಯುತ್ತಿರುತ್ತದೆ, ಮಧ್ಯಾಹ್ನ ಎಲ್ಲೋ ಒಂದು ತಾಳಮದ್ದಳೆ. ಆಟ ಐದು ತಾಸಿಗೆ ಇಳಿಯಿತು. ನಿದ್ದೆ ಅದಕ್ಕಿಂತ ಹೆಚ್ಚು ಇಳಿಯಿತು. ರಂಗಸ್ಥಳ ಬಿಚ್ಚಿ ಲಾರಿಗೆ ತುಂಬುವವರಿಗಂತೂ ಕಾಲಮಿತಿ ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಆಟ ಮುಗಿಸಿ ಮನೆಗೆ ಹೋಗುತ್ತಿದ್ದ ಕಲಾವಿದ ರಸ್ತೆಯಲ್ಲಿ ಅಪಘಾತಕ್ಕೀಡಾದ ಸುದ್ದಿಗಳು ಕರಾವಳಿಯ ಪತ್ರಿಕೆಗಳಿಗೆ ಹೊಸತಲ್ಲ. ಪ್ರತಿಯೊಂದಕ್ಕೂ ನಿದ್ದೆಯೇ ಕಾರಣವೆನ್ನಲಾಗದು, ಆದರೆ ಮನುಷ್ಯನ ಎಚ್ಚರ ಅತ್ಯಂತ ತಗ್ಗುವುದು ನಡುರಾತ್ರಿ ಕಳೆದು ಬೆಳಗಾಗುವ ನಡುವೆಯೇ. ಹಾಗಾಗಿ ಕಲೆಯನ್ನು ಕತ್ತರಿಸುವುದೋ ಬಿಡುವುದೋ ಎಂಬ ಜಗಳ ನನಗೆ ಪಕ್ಕದ ಜಗಳವಾಗಿ ಕಾಣುತ್ತದೆ. ಇಡೀ ರಾತ್ರಿ ಆಡಿ ಹಗಲು ಮಲಗಲು ಜಾಗ ಕೊಟ್ಟ ಮೇಳ, ನಡುರಾತ್ರಿಗೆ ಮುಗಿಸಿ ರಸ್ತೆಗೆ ಬಿಟ್ಟ ಮೇಳಕ್ಕಿಂತ ಕಲಾವಿದನ ಮೈಗೆ ಹೆಚ್ಚು ಕರುಣೆ ತೋರಿಸಿರಬಹುದು.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ನೋಡಿಕೊಂಡು ಮುಂದೆ ಹೋಗಬಹುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, ಸಾರಿಗೆ ಸಂಸ್ಥೆಗಳಲ್ಲಿ ದುಡಿಯುವ ಚಾಲಕರಿಗೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಪಾಲನೆ ಎಷ್ಟು ಎಂಬುದು ಬೇರೆ ಮಾತು, ದಣಿದ ಚಾಲಕ ಅಪಾಯ ಎಂಬ ತಿಳಿವಳಿಕೆಯಾದರೂ ಅಲ್ಲಿತ್ತು. ಅದೇ ಲಾರಿಯಲ್ಲಿ ಬಂದಿಳಿದ ಸ್ಪೀಕರುಗಳನ್ನು ಜನರ ತಲೆಯ ಮೇಲೆ ತೂಗುಹಾಕುವವನ ದಣಿವಿನ ಬಗ್ಗೆ ಅಂಥ ಆತಂಕ ನಮ್ಮ ಕರಾರುಗಳಲ್ಲಿ ಕಾಣುವುದಿಲ್ಲ.

ಮೂರನೆಯ ಆಕ್ಷೇಪ ಹೊಟ್ಟೆಯದು. ಗಣೇಶ ಚೌತಿಯಿಂದ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ, ಮತ್ತೆ ಜಾತ್ರೆಯ ದಿನಗಳಲ್ಲಿ ಕೆಲಸ. ಮಳೆಗಾಲದಲ್ಲಿ ಖಾಲಿ ಕೈ. ಸಿಕ್ಕಾಗ ದುಡಿಯದಿದ್ದರೆ ವರ್ಷ ಸಾಗುವುದಿಲ್ಲ. ‘ನಾಳೆ ಬರಲಾರೆ’ ಎಂದ ಹುಡುಗನ ಜಾಗಕ್ಕೆ ನಾಳಿದ್ದು ಇನ್ನೊಬ್ಬ ಬಂದಿರುತ್ತಾನೆ. ನಿದ್ದೆಯ ಉಪದೇಶ ಹೊಟ್ಟೆ ತುಂಬಿದವರ ಮಾತಲ್ಲವೇ? ಈ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಒಬ್ಬೊಬ್ಬರೂ ತಮ್ಮ ಆರೈಕೆ ತಾವೇ ನೋಡಿಕೊಳ್ಳಲಿ ಎನ್ನುವ ಸಲಹೆ ಸೋಲುವುದು ಇಲ್ಲಿಯೇ; ನಿರಾಕರಿಸುವ ಶಕ್ತಿಯಿಲ್ಲದವನಿಗೆ ವಿಶ್ರಾಂತಿಯ ಮಹತ್ವ ಬೋಧಿಸಿ ಫಲವಿಲ್ಲ. ಉಳಿದರ್ಧವನ್ನು ಒಪ್ಪಲಾಗದು, ಏಕೆಂದರೆ ಹೀಗೆ ದುಡಿದು ಉಳಿಸಿದ್ದೆಂದು ಕಾಣುವ ಹಣ ಮುಂದೆ ಆಸ್ಪತ್ರೆಗೆ ಹೋಗುವ ಸಂಭವ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೊರತಂದ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಸಂಭವ ಶೇ. 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ. 17ರಷ್ಟು ಹೆಚ್ಚು. ಹಬ್ಬದ ಋತುವಿನಲ್ಲಿ ಸೌಂಡ್ ಹುಡುಗರು ನಾಲ್ಕೇ ದಿನದಲ್ಲಿ 55 ದಾಟುತ್ತಾರೆ. ಆದ್ದರಿಂದ ಮಾತಾಡಬೇಕಾದದ್ದು ಅವರೊಂದಿಗಲ್ಲ, ಪಟ್ಟಿ ಬರೆಯುವವರೊಂದಿಗೆ, ಕರಾರಿಗೆ ಸಹಿ ಹಾಕುವವರೊಂದಿಗೆ.

ಏನು ಬರೆಯಬೇಕು ಎಂಬುದರಲ್ಲಿ ಅಂಥ ಗುಟ್ಟೇನೂ ಇಲ್ಲ. ಕಟ್ಟುವವರು ಒಂದು ತಂಡ, ಬಿಚ್ಚುವವರು ಇನ್ನೊಂದು ತಂಡ ಆಗಬೇಕು. ಅದಾಗದಿದ್ದರೆ ಮೈದಾನದ ಬಾಡಿಗೆ ಅರ್ಧ ದಿನ ಹೆಚ್ಚು ಕೊಟ್ಟು ಬೆಳಿಗ್ಗೆ ಬಿಚ್ಚಬೇಕು. ಎರಡೂ ಖರ್ಚಿನ ಮಾತು ಎಂಬುದು ನಿಜ. ಖರ್ಚಿಲ್ಲದ್ದು ಒಂದಿದೆ, ಮಧ್ಯಾಹ್ನದ ನಿದ್ದೆ. ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯಲ್ಲಿ 40 ನಿಮಿಷ ಬಿಡುವು ಕೊಟ್ಟು ನಾಸಾ ನಡೆಸಿದ ಅಧ್ಯಯನದಲ್ಲಿ ಅವರು ಸರಾಸರಿ 26 ನಿಮಿಷ ಮಲಗಿದರು. ವಿಮಾನ ಇಳಿಯುವ ಹೊತ್ತಿನ ಅವರ ಎಚ್ಚರ, ಮಲಗದವರಿಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ಸೌಂಡ್ ಚೆಕ್‌ಗೆ ಕಾಯುತ್ತ ಹೇಗೂ ಕಳೆದುಹೋಗುವ ಎರಡು ತಾಸಿನಲ್ಲಿ ಸರದಿಯಂತೆ ನಲವತ್ತು ನಿಮಿಷ ಸಿಗದೇ ಹೋಗದು. ಆದರೆ ಅದು ಪಟ್ಟಿಯಲ್ಲಿ ಬರೆದಿರಬೇಕು. ಬರೆಯದಿದ್ದರೆ ಮಲಗಿದವನು ಸೋಮಾರಿ ಎನಿಸಿಕೊಳ್ಳುತ್ತಾನೆ. ಬರೆದಿದ್ದರೆ ಅದೂ ಕೇಬಲ್ ಎಳೆದಷ್ಟೇ ಕೆಲಸ. ಎದ್ದ ಕೂಡಲೇ ಏಣಿ ಹತ್ತಿಸಬಾರದು ಎಂಬುದೊಂದು ಎಚ್ಚರಿಕೆ, ನಿದ್ದೆಯ ಮಂಪರು ಕಳೆಯಲು ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯುತ್ತದೆ.

ಕಲೆಯನ್ನು ಕಾರ್ಖಾನೆ ಮಾಡಬೇಡಿ, ನಾಟಕದವನ ಹುಚ್ಚನ್ನು ಹಾಜರಿ ಪುಸ್ತಕದಲ್ಲಿ ಅಳೆಯಬೇಡಿ ಎನ್ನುವವರೂ ಇದ್ದಾರೆ. ಕೆ.ವಿ. ಸುಬ್ಬಣ್ಣನವರು 1985ರಲ್ಲಿ ಆರಂಭಿಸಿದ ನೀನಾಸಂ ತಿರುಗಾಟ ಇವರಿಗೆ ಉತ್ತರವಾದೀತು. ನಟರೇ ರಂಗಸಜ್ಜಿಕೆ ಇಳಿಸಿ, ಕಟ್ಟಿ, ಆಡಿ, ಬಿಚ್ಚುವ ಕಠಿಣ ದಿನಚರಿ ಅದು. ಅಲ್ಲಿ ಹುಚ್ಚು ಇಲ್ಲವೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಯಾವ ದಿನ ಯಾವ ಊರು, ಯಾರ ಕೆಲಸ ಯಾವುದು ಎಂಬ ಯೋಜನೆ ಇಲ್ಲದೆ ಅದು ಇಷ್ಟು ವರ್ಷ ನಡೆಯುತ್ತಲೂ ಇರಲಿಲ್ಲ. ಶಿಸ್ತಿಗೂ ಹುಚ್ಚಿಗೂ ವೈರವಿಲ್ಲ ಎನ್ನಲು ರಂಗಭೂಮಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಮಾಡಿಕೊಳ್ಳುವುದು ಏನೂ ಇಲ್ಲವೇ? ಇದೆ, ಕೆಲವು ತೀರ ಮುಖ್ಯವಾದವೂ ಹೌದು. ಕಿವಿಯ ವಿಷಯದಲ್ಲಂತೂ ಪಟ್ಟಿಗಾಗಿ ಕಾಯಬೇಕಿಲ್ಲ: ಕೆಲಸಗಾರರ ಆರೋಗ್ಯ, ಸುರಕ್ಷತೆಗಾಗಿ ಇರುವ ಅಮೆರಿಕದ ನಯೋಶ್ (NIOSH) ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ, 100 ಡೆಸಿಬೆಲ್ ಸದ್ದಿಗೆ ಕಾಲು ಗಂಟೆಯಷ್ಟೇ ಮಿತಿ, ಸ್ಪೀಕರಿನ ಪಕ್ಕ ನಿಲ್ಲುವವರು ಇಯರ್‌ಪ್ಲಗ್ ಇಲ್ಲದೆ ನಿಲ್ಲಬಾರದು. ಸಂಜೆ ಆರರ ಬಳಿಕ ಚಹಾ ಬಿಡುವುದು, ಹದಿನೇಳು ತಾಸಿನ ದಿನದ ಕೊನೆಗೆ ಬೈಕಿನ ಬದಲು ಲಾರಿಯಲ್ಲೋ ವೇದಿಕೆಯಲ್ಲೋ ಮಲಗಿ ಬೆಳಿಗ್ಗೆ ಹೊರಡುವುದು, ಇವೂ ಕೈಯಳತೆಯಲ್ಲಿವೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನ್ನಿಸಿದರೆ 14416ಕ್ಕೆ ಕರೆಮಾಡಬಹುದು; 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿನಲ್ಲಾದರೂ. ಬೆಳಗಿನ ಮೂರಕ್ಕೆ ಕೆಲಸ ಮುಗಿಯುವವರಿಗೆ ಆ ಕೊನೆಯ ಸಂಗತಿಯೇ ದೊಡ್ಡದು. ಆದರೆ ಇವುಗಳಲ್ಲಿ ಯಾವುದೂ ಎರಡನೆಯ ತಂಡದ ಕೂಲಿಯನ್ನು ಕೊಡುವುದಿಲ್ಲ. ಅದನ್ನು ಕೊಡಬೇಕಾದವರು ಕಾರ್ಯಕ್ರಮ ಮಾಡಿಸುವವರು, ಕೇಳಬೇಕಾದವರು ಸೌಂಡ್ ಮತ್ತು ಲೈಟಿನ ಮಾಲೀಕರು. ಒಬ್ಬ ಮಾಲೀಕ ಒಂಟಿಯಾಗಿ ಕೇಳಿದರೆ ದರ ಹೆಚ್ಚಾಯಿತೆಂದು ಕೆಲಸ ಪಕ್ಕದವನ ಪಾಲಾಗುತ್ತದೆ. ಊರಿನ ಮಾಲೀಕರೆಲ್ಲ ಚೌತಿಗೆ ಎರಡು ತಿಂಗಳು ಮೊದಲೇ ಕೂತು, ಬಿಚ್ಚುವ ಕೂಲಿಯನ್ನು ಬೇರೆ ಸಾಲಿನಲ್ಲಿ ತೋರಿಸದ ದರಪಟ್ಟಿಯನ್ನು ಯಾರೂ ಕೊಡಕೂಡದೆಂದು ಒಪ್ಪಿಕೊಂಡರೆ, ಹೂವಿನ ಅಲಂಕಾರಕ್ಕೂ ಪಟಾಕಿಗೂ ಬೇರೆ ಬೇರೆ ಸಾಲು ಬರೆಯುವ ಉತ್ಸವ ಸಮಿತಿಗಳು ಇನ್ನೊಂದು ಸಾಲಿಗೆ ತಕರಾರು ತೆಗೆಯುವುದು ಕಷ್ಟ.