ಮದರಾಸು–ಮಂಗಳೂರಿನ ನಡುವೆ ಕರಗಿದ 40 ಮೈಲಿ

ಶಿರೂರೆಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚುಂಟು. ಒಂದು ಉಡುಪಿ ಜಿಲ್ಲೆಯ ಬೈಂದೂರಿನ ಬಳಿಯದು. ಇನ್ನೊಂದು ಪುಣೆ–ನಗರ ರಸ್ತೆಯಲ್ಲಿ ಘೋಡ ನದಿಯ ದಡದ್ದು. ಆ ಕಡೆಯಿಂದ ಬಂದು ಈ ಕಡೆ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮವರಿಗೆ ಊರಿನ ದೂರವೆಂದರೆ ಬಸ್ಸಿನ ಟಿಕೇಟು ಮತ್ತು ನಿದ್ದೆಗೆಟ್ಟ ಒಂದು ರಾತ್ರಿ. ಆದರೆ ಈ ದೇಶದ ದೂರಗಳನ್ನು ಮೊದಲು ಕರಾರುವಾಕ್ಕಾಗಿ ಅಳೆದವರಾರು?

2000ರಲ್ಲಿ ಪ್ರಕಟವಾದ ಜಾನ್ ಕೇ ಅವರ 'ದಿ ಗ್ರೇಟ್ ಆರ್ಕ್' ಎಂಬ ಇಂಗ್ಲಿಷ್ ಗ್ರಂಥವು ಈ ಕಥೆಯನ್ನು ಸಾಮಾನ್ಯ ಓದುಗನಿಗೂ ರುಚಿಸುವಂತೆ ಹೇಳುತ್ತದೆ. ಕಥೆಯ ಬೇರು ಕನ್ನಡದ ನೆಲದಲ್ಲಿದೆಯೆಂಬುದು ನಮಗೆ ವಿಶೇಷ. 1799ರಲ್ಲಿ ಶ್ರೀರಂಗಪಟ್ಟಣದ ಕಾಳಗದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಮರುವರ್ಷವೇ ಬೆಂಗಳೂರಿನ ಬಳಿ ಸುಮಾರು 7 ಮೈಲಿ ಉದ್ದದ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಹೊಸ ಉಪಕರಣಗಳೊಡನೆ ಕೆಲಸ ಮತ್ತೆ ಮೊದಲಾಯಿತು. ನೂರಡಿಯ ಸರಪಣಿಯನ್ನು ನಾನೂರು ಸಲ ಹಾಸಿ, ಏಳೂವರೆ ಮೈಲಿಯನ್ನು ಅಳೆಯಲು ಹಿಡಿದ ಕಾಲ 57 ದಿನ!

ಇಷ್ಟು ತಾಳ್ಮೆ ಏಕೆ? ತ್ರಿಕೋನದ ಒಂದು ಬದಿಯೂ ಎರಡು ಕೋನಗಳೂ ತಿಳಿದರೆ ಉಳಿದೆರಡು ಬದಿಗಳನ್ನು ಗಣಿತದಿಂದಲೇ ಪಡೆಯಬಹುದು. ಆ ಬದಿಗಳ ಮೇಲೆ ಮತ್ತೆ ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಹೊಳೆ, ಕಾಡು, ಘಟ್ಟಗಳನ್ನು ಸರಪಣಿಯಿಲ್ಲದೆಯೇ ದಾಟಬಹುದು. ಮೊದಲ ಬದಿ ತಪ್ಪಿದರೆ ಮಾತ್ರ ಎಲ್ಲವೂ ತಪ್ಪು. 1804ರಲ್ಲಿ ಬೆಂಗಳೂರಿನ ಬಳಿ ಪರೀಕ್ಷಿಸಿದಾಗ ಗಣಿತದ ಉದ್ದಕ್ಕೂ ನೆಲದ ಉದ್ದಕ್ಕೂ ಕಂಡ ವ್ಯತ್ಯಾಸ ಕೆಲವೇ ಅಂಗುಲ.

ಈ ತ್ರಿಕೋನಗಳ ಸಾಲು ಮಂಗಳೂರನ್ನು ಮುಟ್ಟಿದಾಗ ವಿಸ್ಮಯವೊಂದು ಹೊರಬಿತ್ತು. ಹಳೆಯ ನಕ್ಷೆಗಳಂತೆ ಮದರಾಸಿನಿಂದ ಮಂಗಳೂರಿಗೆ 400 ಮೈಲಿ. ನಿಜವಾಗಿ ಇದ್ದದ್ದು 360. ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇದ್ದಿತು!

ಕಂಪನಿ ಸರಕಾರವು ಇದಕ್ಕೆ ಹಣ ತೆತ್ತದ್ದು ಬರಿಯ ಜ್ಞಾನದಾಹದಿಂದಲ್ಲ. ಕಂದಾಯಕ್ಕೂ ದಂಡಿನ ನಡೆಗೂ ನಕ್ಷೆ ಬೇಕಾಗಿತ್ತು. ಶಿರೂರೂ ಕಂಪನಿಯ ದಂಡಿನ ಠಾಣೆಯೇ ಆಗಿತ್ತು. 1818ರ ಹೊಸವರ್ಷದ ದಿನ ಕೋರೆಗಾಂವದಲ್ಲಿ ಹೋರಾಡಿದ ತುಕಡಿಯು ಹಿಂದಿನ ರಾತ್ರಿ ಹೊರಟದ್ದು ಇಲ್ಲಿಂದಲೇ.

1823ರಲ್ಲಿ ಲ್ಯಾಂಬ್ಟನ್ ಹಿಂಗಣಘಾಟದಲ್ಲಿ ತೀರಿಕೊಂಡನು. ಕೆಲಸವನ್ನು ಜಾರ್ಜ್ ಎವರೆಸ್ಟ್ ಮುಂದುವರಿಸಿದನು. ಹಿಮಾಲಯದ 15ನೆಯ ಶಿಖರದ ಎತ್ತರವು 29,002 ಅಡಿಯೆಂದು ನಿರ್ಣಯವಾದದ್ದು ಇಲಾಖೆಯ ಮುಖ್ಯ ಲೆಕ್ಕಿಗನಾಗಿದ್ದ ರಾಧಾನಾಥ ಸಿಕದಾರನ ಗಣಿತದ ಬಲದಿಂದ. 1865ರಲ್ಲಿ ಶಿಖರಕ್ಕೆ ನಿಂತ ಹೆಸರು ಎವರೆಸ್ಟನದು. ಅರ್ಧ ಟನ್ ತೂಕದ ಕೋನಮಾಪಕವನ್ನು ಬೆಟ್ಟಕ್ಕೆ ಹೊತ್ತವರ, ನಿಶಾನೆ ಹಿಡಿದು ನಿಂತವರ, ಕಾಡುಜ್ವರದಿಂದ ಮಡಿದವರ ಹೆಸರುಗಳಂತೂ ಯಾವ ನಕ್ಷೆಯಲ್ಲಿಯೂ ಇಲ್ಲ.

ಲೆಕ್ಕ ಬರೆಯುವವರೂ ಭಾರ ಹೊರುವವರೂ ನಮ್ಮ ವಾಚಕರಲ್ಲಿಯೇ ಇದ್ದಾರೆ. ಫಲಕದ ಮೇಲೆ ತಮ್ಮ ಹೆಸರಿಲ್ಲದಿದ್ದರೂ ಕೆಲಸ ನಿಂತಿರುವುದು ಯಾರ ಹೆಗಲಿನ ಮೇಲೆಂಬುದನ್ನು ಅವರಿಗೆ ನಾವು ಹೇಳಬೇಕಾಗಿಲ್ಲ. ಇಂಗ್ಲಿಷ್ ಬಲ್ಲ ಗುಮಾಸ್ತ ಮಿತ್ರರು ಈ ಗ್ರಂಥವನ್ನು ಓದಿ, ಬಿಡುವಿನ ಸಂಜೆಗಳಲ್ಲಿ ಸಂಗಡಿಗರಿಗೆ ಕನ್ನಡದಲ್ಲಿ ಹೇಳಲಿ. ನಕ್ಷೆಯಲ್ಲಿಲ್ಲದ ಹೆಸರುಗಳಿಗೆ ಅಷ್ಟಾದರೂ ಸಲ್ಲಬೇಕು.